ಬೀಗರ ಬೆನ್ನಿಗೊಂದು ಗಾಳಿ ಹಾಸಿಗೆ

ಗಾಳಿ ನನ್ನೆದುರು ಯಾವತ್ತೂ ಬಾಯಿ ಬಿಟ್ಟದ್ದಿಲ್ಲ. ಇದು ಜಂಬವಲ್ಲ, ಬರೀ ವಸ್ತುಸ್ಥಿತಿ. ಕಾರ್ಖಾನೆಯೊಂದರ ಮಾಪಕ ಪರೀಕ್ಷೆಯ ಕೋಣೆಯಲ್ಲಿ ತಲೆತುಂಬ ಕೂದಲಿದ್ದಾಗ ಕೂತವನು, ಬಾಚಣಿಗೆಯ ಹಂಗು ತೀರಿದ ಮೇಲೆ ಎದ್ದೆ. ನಡುವಿನ ಕಾಲವೆಲ್ಲ ನನಗಿದ್ದದ್ದು ಒಂದೇ ಕೆಲಸ. ಪೈಪು, ಸಿಲಿಂಡರು, ಬಾಯ್ಲರುಗಳೊಳಗೆ ಕೂಡಿಹಾಕಿದ ಗಾಳಿ ಎಷ್ಟು ಜೋರಾಗಿ ಒತ್ತುತ್ತಿದೆ ಎಂದು ತೋರಿಸುವ, ಗಡಿಯಾರದಂಥ ಮಾಪಕಗಳಿರುತ್ತವಲ್ಲ, ಅವು ನಿಜ ಹೇಳುತ್ತಿವೆಯೋ ಬುರುಡೆ ಬಿಡುತ್ತಿವೆಯೋ ನೋಡುವುದು. ನಾನು ಕೋಣೆಗೆ ಕಾಲಿಟ್ಟರೆ ಅವುಗಳ ಮುಳ್ಳುಗಳೆಲ್ಲ ಎದ್ದು ನಿಲ್ಲುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಆದ್ದರಿಂದ ಅರ್ಧ ಎದ್ದು ನಿಲ್ಲುತ್ತಿದ್ದವು ಎನ್ನುತ್ತೇನೆ. ಸೋರುತ್ತಿದ್ದ ಸಿಲಿಂಡರೊಂದು ನನ್ನ ಕೆಮ್ಮು ಕೇಳಿ ತಾನೇ ಬಾಯಿ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡವರಿದ್ದಾರೆ. (ಈಗ ಎಲ್ಲಿದ್ದಾರೆಂದು ಕೇಳಬೇಡಿ. ಅವರೂ ನಿವೃತ್ತರು.)

ಗಾಳಿಯ ಜಾತಕದಲ್ಲಿರುವುದು ನಾಲ್ಕೇ ಮನೆ. ಎಷ್ಟು ಜಾಗ ಹಿಡಿದಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ಒತ್ತುತ್ತಿದೆ, ಎಷ್ಟು ತೂಗುತ್ತದೆ. ಇಷ್ಟು ತಿಳಿದರೆ ಅದರ ಹಣೆಬರಹ ಓದಿದ ಹಾಗೆಯೇ. ಒಂದು ಮನೆಯನ್ನು ಅಲುಗಿಸಿದಿರೋ, ಉಳಿದವು ಸುಮ್ಮನಿರುವುದಿಲ್ಲ. ಅಪ್ಪಟ ಕೂಡುಕುಟುಂಬ.

ಇಂಥ ವಿದ್ಯೆಗೆ ಮನೆಯಲ್ಲಿ ಮಾತ್ರ ಮೂರು ಕಾಸಿನ ಬೆಲೆಯಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ದೊಡ್ಡ ಹಿತ್ತಾಳೆಯ ಮಾಪಕವೊಂದು ನಮ್ಮ ನಡುಮನೆಯ ಗೋಡೆಯಲ್ಲಿ ನೇತಾಡುತ್ತಿದೆ. ಅದರ ಮುಳ್ಳು ಸದಾ ಸೊನ್ನೆಯ ಮೇಲೆ. ಬಂದವರು ಗಡಿಯಾರವೆಂದು ತಿಳಿದು, "ನಿಂತುಹೋಗಿದೆಯಲ್ಲಾ" ಎನ್ನುತ್ತಾರೆ. "ಯಾವುದು, ಅದೋ, ಇವರೋ?" ಎಂದು ನನ್ನಾಕೆ ವಿಚಾರಿಸುತ್ತಾಳೆ.

ಸೊನ್ನೆ ಎಂದರೆ ಒಳಗೆ ಗಾಳಿ ಇಲ್ಲವೆಂದಲ್ಲ, ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಸಮಸಮ ಎಂದಷ್ಟೇ ಅರ್ಥ. ನಮ್ಮ ತಲೆಯ ಮೇಲೆ ಇಡೀ ಆಕಾಶದ ಗಾಳಿ ಕೂತಿರುವಾಗಲೂ ಮಾಪಕ ಸೊನ್ನೆ ಎಂದೇ ಹೇಳುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಅವಳಿಗೆ ಪ್ರೀತಿಯಿಂದ ವಿವರಿಸಿದ್ದೆ. (ಬೇರೆಯವರು ಹೊಸತರಲ್ಲಿ ಹೂವು ಗೀವು ತರುತ್ತಾರಂತೆ.) ಅವಳು ಅದನ್ನು ಮರೆಯಲಿಲ್ಲ. ಜಗಳವಾಗಿ ಮೌನ ಕವಿದಾಗ, "ಕೋಪ ಇಳೀತಾ?" ಎಂದು ನಾನು ಕೇಳಿದರೆ, "ಸೊನ್ನೆ" ಎನ್ನುತ್ತಾಳೆ. ಆಗ ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತೇನೆ.

ಹೀಗಿರಲಾಗಿ, ಬೀಗರು ಬರುವ ಸುದ್ದಿ ಬಂತು.

ನಮ್ಮ ಮಗಳ ಮಾವ ಕೋರ್ಟಿನಲ್ಲಿ ಬೆರಳಚ್ಚು ಮಾಡುತ್ತ ಆಯುಷ್ಯ ಕಳೆದವರು. ಆಳು ಭಾರಿ, ಮಾತು ಹಗುರ. ಬಾಗಿ ಕೂತು ಕೂತು ಬೆನ್ನು ಮಾತ್ರ ಅವರ ಮೇಲೆ ದಾವೆ ಹೂಡಿದೆ. ಬೀಗಿತ್ತಿ ನಿವೃತ್ತ ಹೆಡ್ಮಿಸ್ಟ್ರೆಸ್. ಅವರ ದನಿ ಈಗಲೂ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಎದುರಿಗೆ ಬೆಂಚೇ ಇಲ್ಲದಿದ್ದರೂ. ಹಿಂದಿನ ಸಲ ಇವರು ಬಂದಾಗ ಬೀಗರಿಗೆ ನಮ್ಮ ಹಳೆಯ ಹತ್ತಿ ಹಾಸಿಗೆ ಕೊಟ್ಟಿದ್ದೆವು. ಆ ಹಾಸಿಗೆಯ ನಡುವೆ ಒಂದು ಕಣಿವೆಯಿದೆ. ಮಲಗಿದವರು ಎತ್ತ ಹೊರಳಿದರೂ ಮರಳಿ ಅಲ್ಲಿಗೇ ಬಂದು ಸೇರಬೇಕು. ಬೆಳಿಗ್ಗೆ ಬೀಗರು ಕಾಣದೆ ಮನೆಯೆಲ್ಲ ಹುಡುಕಿ, ಕಡೆಗೆ ಹಾಸಿಗೆಯೊಳಗಿಂದ ಬಂದ ನರಳಾಟದ ಜಾಡು ಹಿಡಿದು ಅವರನ್ನು ಮೇಲಕ್ಕೆತ್ತಿದೆವು. ಆ ಮೇಲೆ ಬೀಗಿತ್ತಿ ನೆಂಟರಿಷ್ಟರ ಮನೆಗಳಲ್ಲೆಲ್ಲ, "ಅವರ ಮನೇಲಿ ಊಟ ಬೆಟ್ಟದಷ್ಟು, ಹಾಸಿಗೆ ಕಣಿವೆಯಷ್ಟು" ಎಂದು ಪಾಠ ಮಾಡಿದರಂತೆ. ನನ್ನಾಕೆ ಅದನ್ನು ಎದೆಯಲ್ಲಿಟ್ಟುಕೊಂಡಿದ್ದಳು.

ಈ ಸಲದ ಸಂಗತಿ ಇನ್ನೂ ನಾಜೂಕು. ನಮ್ಮ ಮೊಮ್ಮಗಳು, ಪುಟ್ಟಿ, ಇನ್ನೂ ತೊಡೆಯ ಮೇಲಿನ ಕೂಸು. ನನ್ನಾಕೆ ಅವಳನ್ನು ಫೋನಿನ ಗಾಜಿನಲ್ಲಿ ಬಿಟ್ಟರೆ ಕಂಡಿದ್ದೇ ಕಡಿಮೆ. ಗಾಜನ್ನೇ ಸವರಿ ಸವರಿ ಅದರಲ್ಲೊಂದು ಗುಳಿ ಬಿದ್ದಿದೆ. ಮಗಳು ಫೋನಿನಲ್ಲಿ ಹೇಳಿದ್ದಿಷ್ಟು. ಅಳಿಯನಿಗೆ ರಜೆ ಇಲ್ಲ, ಕಾರು ಓಡಿಸಿಕೊಂಡು ಮಾವನವರೇ ಕರೆತರುತ್ತಾರೆ. ಎರಡು ದಿನ ಇದ್ದು ಅವರು ಅತ್ತೆಯೊಡನೆ ಮರಳುತ್ತಾರೆ, ಮಗಳೂ ಪುಟ್ಟಿಯೂ ಒಂದು ತಿಂಗಳು ಇಲ್ಲೇ ಉಳಿಯುತ್ತಾರೆ. "ಆದರೆ ಅಮ್ಮ, ಮಾವನ ಬೆನ್ನು ಹಿಡ್ಕೊಂಡ್ರೆ ವಾಪಸ್ ಕಾರು ಓಡಿಸೋಕೆ ನಾನೇ ಹೋಗ್ಬೇಕು. ಆಗ ಪುಟ್ಟೀನೂ ಬರ್ಬೇಕಾಗುತ್ತೆ."

ನನ್ನಾಕೆ ಫೋನು ಕೆಳಗಿಟ್ಟು ನನ್ನನ್ನು ನೋಡಿದಳು. "ಕೇಳಿಸ್ತಲ್ಲ? ಮೊಮ್ಮಗಳ ಒಂದು ತಿಂಗಳು ಬೀಗರ ಬೆನ್ನ ಮೇಲೆ ಕೂತಿದೆ. ಹೋಗಿ ಗಟ್ಟಿಯಾದ ಒಂದು ಹತ್ತಿ ಹಾಸಿಗೆ ತನ್ನಿ. ನಿಮ್ಮ ತಲೆ ಉಪಯೋಗಿಸ್ಬೇಡಿ. ಬರೀ ಕೈಯಲ್ಲಿ ಎತ್ಕೊಂಡು ಬನ್ನಿ."

ಹೋದೆ. ಹಾಸಿಗೆಯ ಅಂಗಡಿಯವನು ಊಟಕ್ಕೆ ಹೋಗಿದ್ದ. ಪಕ್ಕದ ಅಂಗಡಿಯ ಗಾಜಿನೊಳಗೆ ಒಂದು ಗಾಳಿ ಹಾಸಿಗೆ ಉಬ್ಬಿಕೊಂಡು ಕೂತಿತ್ತು. ಹಳೆಯ ಗೆಳೆಯನನ್ನು ಸಂತೆಯಲ್ಲಿ ಕಂಡಂತಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಬೆರಳನ್ನು ಹಿಂದಕ್ಕೆ ತಳ್ಳಿತು. ಎಂಥ ವಿನಯ, ಎಂಥ ದೃಢತೆ. ಕಣಿವೆ ಬೀಳುವ ಪ್ರಶ್ನೆಯೇ ಇಲ್ಲ. ಗಾಳಿ ಎಲ್ಲ ಕಡೆಗೂ ಒಂದೇ ಸಮ ಒತ್ತುತ್ತದೆ, ಬೆನ್ನಿಗೊಂದು ನ್ಯಾಯ ಸೊಂಟಕ್ಕೊಂದು ನ್ಯಾಯ ಮಾಡುವುದಿಲ್ಲ. ಕೋರ್ಟಿನಲ್ಲಿ ಬದುಕು ಸವೆಸಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ತೀರ್ಪುಂಟೆ? ಮಡಿಸಿದ ಹಾಸಿಗೆ, ಅದಕ್ಕೊಂದು ಪುಟ್ಟ ಪಂಪು, ಎರಡೂ ಒಂದು ಡಬ್ಬಿಯಲ್ಲಿ. ಕಂಕುಳಲ್ಲಿ ಇರುಕಿಕೊಂಡು ರಾಜಠೀವಿಯಲ್ಲಿ ಬಂದೆ.

"ಹಾಸಿಗೆ ಎಲ್ಲಿ?" ಎಂದಳು.

"ಇದೇ."

"ಇದು ಹಾಸಿಗೆ ಆದ್ರೆ ನಾನು ಆನೆ." (ಈ ವಾಕ್ಯಕ್ಕೆ ಉತ್ತರ ಕೊಡುವಷ್ಟು ದಡ್ಡ ನಾನಲ್ಲ.)

ಗಾಳಿಯ ಗುಣಗಾನ ಮಾಡಿದೆ. ಬೀಗರು ಗಾಳಿಯ ಮೇಲೆ ಮಲಗಬೇಕೇ ಎಂದಳು. ಅವರು ಊರಿಂದ ಇಲ್ಲಿಯವರೆಗೆ ಕಾರಿನ ಚಕ್ರದ ಗಾಳಿಯ ಮೇಲೆಯೇ ತಾನೇ ಬರುವುದು ಎಂದೆ.

"ಕಾರಿಗೆ ಪಂಕ್ಚರ್ ಆದ್ರೆ ಸ್ಟೆಪ್ನಿ ಇರುತ್ತೆ. ಇಲ್ಲಿ ಸ್ಟೆಪ್ನಿ ಯಾರು, ನೀವಾ?"

ವಾದದಲ್ಲಿ ಸೋತರೂ ಪ್ರಯೋಗದಲ್ಲಿ ಗೆಲ್ಲೋಣವೆಂದು, ಸೂಟ್‌ಕೇಸು ತೂಗುವ ಕೊಕ್ಕೆಯ ತಕ್ಕಡಿ ತಂದೆ. ಗಾಳಿ ಎಂದರೆ ಶೂನ್ಯವಲ್ಲ ಕಣೇ, ಅದಕ್ಕೂ ತೂಕವಿದೆ, ಈ ಹಾಸಿಗೆ ಉಬ್ಬಿದಾಗ ಒಳಗೆ ಕಾಲು ಕಿಲೋಗಿಂತ ಹೆಚ್ಚೇ ಗಾಳಿ ಇರುತ್ತದೆ, ನೋಡು ಎಂದು ಮಡಿಸಿದ ಹಾಸಿಗೆ ತೂಗಿದೆ. ಆಮೇಲೆ ಗಾಳಿ ತುಂಬಿ ತೂಗಿದೆ. ತಕ್ಕಡಿ ಎರಡು ಸಲವೂ ಒಂದೇ ಅಂಕಿ ತೋರಿಸಿತು. ಕೊಕ್ಕೆ ಬದಲಿಸಿದೆ. ಕನ್ನಡಕ ಬದಲಿಸಿದೆ. ಅಂಕಿ ಬದಲಾಗಲಿಲ್ಲ.

ಕಾರಣ ನನಗೆ ಗೊತ್ತಿತ್ತು; ಆ ಗಡಿಬಿಡಿಯಲ್ಲಿ ಬಾಯಿಗೆ ಬರಲಿಲ್ಲ. ಉಬ್ಬಿದ ಹಾಸಿಗೆ ಎಷ್ಟು ಗಾಳಿಯನ್ನು ಒಳಗೆ ಹಿಡಿದಿದೆಯೋ ಸರಿಸುಮಾರು ಅಷ್ಟೇ ಗಾಳಿಯನ್ನು ಹೊರಗಿನಿಂದ ಪಕ್ಕಕ್ಕೆ ಸರಿಸಿರುತ್ತದೆ. ಸರಿದ ಗಾಳಿ, ನೀರಿನಲ್ಲಿ ಬೆಂಡನ್ನು ಎತ್ತುವ ಹಾಗೆ, ಹಾಸಿಗೆಯನ್ನು ಅಷ್ಟೇ ಮೇಲಕ್ಕೆತ್ತುತ್ತದೆ. ತಕ್ಕಡಿಯ ಪಾಲಿಗೆ ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ. ನಾನು ಇದನ್ನು ಜೋಡಿಸಿಕೊಂಡು ಹೇಳುವಷ್ಟರಲ್ಲಿ ಅವಳು ಅಡುಗೆಮನೆ ಸೇರಿ, ಅಲ್ಲಿಂದಲೇ ತೀರ್ಪು ಕೊಟ್ಟಿದ್ದಳು: "ಕಾಲು ಕಿಲೋ ಸೊನ್ನೆ ತುಂಬಿದ್ದೀರಿ. ಚೆನ್ನಾಗಿದೆ."

ಹಾಸಿಗೆಯ ಅಂಗಡಿಗೆ ಮರಳಿ ಹೋಗಲು ಅಪ್ಪಣೆಯಾಯಿತು. ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿತ್ತು, ಮರುದಿನ ಅದಕ್ಕೆ ವಾರದ ರಜೆ. ಬೀಗರು ಬರುವುದು ಮಾರನೆಯ ಮಧ್ಯಾಹ್ನ. ಅವಳು ಹಣೆ ಚಚ್ಚಿಕೊಂಡು, ಆಗಲಿ, ಗಾಳಿಯಾದರೆ ಗಾಳಿ, ಬೀಗರ ಬೆನ್ನಿಗೆ ಏನಾದರೂ ಆದರೆ ನಿಮ್ಮ ಬೆನ್ನು ನನ್ನದು ಎಂಬರ್ಥದ ಒಪ್ಪಿಗೆ ಕೊಟ್ಟಳು.

ನಾನು ಬೆನ್ನು ಉಳಿಸಿಕೊಳ್ಳಲು ಶಾಸ್ತ್ರೋಕ್ತವಾಗಿ ಹೊರಟೆ. ಗಾಳಿ ಎಷ್ಟು ತುಂಬಬೇಕೆನ್ನುವುದು ಮಲಗುವವರ ಭಾರದ ಮೇಲೆ, ಆ ಭಾರ ಎಷ್ಟು ಜಾಗಕ್ಕೆ ಹರಡುತ್ತದೆ ಎನ್ನುವುದರ ಮೇಲೆ ನಿಂತಿದೆ. ಅಳಿಯನಿಗೆ ಫೋನು ಮಾಡಿದೆ.

"ಅಳಿಯಂದಿರೇ, ನಿಮ್ಮ ತಂದೆಯವರ ತೂಕ ಎಷ್ಟು?"

ಆ ಕಡೆ ಯಾರನ್ನೋ ಕೇಳಿದ ಗುಸುಗುಸು. "ಮಾವ, ಅಪ್ಪ ಕೇಳ್ತಿದ್ದಾರೆ, ಅಕ್ಕಿ ಅಳೆಯೋಕಾ ಅಂತ."

"ಛೆ ಛೆ. ಸುಮ್ಮನೆ. ಹಾಗೇ ಅವರ ಅಗಲ ಎಷ್ಟು ಅಂತಾನೂ..."

ಫೋನು ಕೈ ಬದಲಿಸಿತು. ಕೊನೆಯ ಬೆಂಚಿಗೆ ಮುಟ್ಟುವ ದನಿ ನನ್ನ ಕಿವಿಗೆ ಮುಟ್ಟಿತು. "ಬೀಗರೇ, ನಾವು ಬರೋದು ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿ. ಬಾಗಿಲು ಸಣ್ಣದು ಅಂತ ಸುತ್ತಿಬಳಸಿ ಹೇಳ್ಬೇಡಿ."

ನನ್ನಾಕೆ ಫೋನು ಕಿತ್ತುಕೊಂಡು ಜೇನು, ಬೆಲ್ಲ, ಬೆಣ್ಣೆ ಮೂರನ್ನೂ ಸುರಿದು ಆ ಗಾಯಕ್ಕೆ ಪಟ್ಟಿ ಕಟ್ಟುವ ಹೊತ್ತಿಗೆ ನಾನು ಮಾಳಿಗೆಯ ಮೇಲೆ ತಲೆಮರೆಸಿಕೊಂಡಿದ್ದೆ. ಅಳಿಯ ಪಾಪ, ಆಮೇಲೆ ಗುಟ್ಟಾಗಿ ತೂಕವನ್ನು ಸಂದೇಶದಲ್ಲಿ ಕಳಿಸಿದ. ಅಂಕಿ ನೋಡಿ ಫೋನನ್ನೇ ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ಇನ್ನು ಒತ್ತಡ ಅಳೆಯುವ ಬಗೆ. ಗೋಡೆಯ ಹಿತ್ತಾಳೆ ಮಾಪಕವನ್ನು ಇಳಿಸಿ ಹಾಸಿಗೆಯ ಬಾಯಿಗೆ ಹಿಡಿದೆ. ಮುಳ್ಳು ಮಿಸುಕಲಿಲ್ಲ. ಮಿಸುಕುವುದೂ ಇಲ್ಲ, ಅದು ಬಾಯ್ಲರುಗಳ ಗರ್ವ ಅಳೆದ ಮಾಪಕ, ಹಾಸಿಗೆಯ ಒತ್ತಡ ಅದಕ್ಕೆ ಆನೆ ತೂಗುವ ತಕ್ಕಡಿಯಲ್ಲಿ ಸೊಳ್ಳೆ ಕೂತ ಹಾಗೆ. ಸಣ್ಣ ಒತ್ತಡಕ್ಕೆ ನೀರಿನ ಮಾಪಕವೇ ಸರಿ. ಒಂದು ತೆಳುವಾದ ಪಾರದರ್ಶಕ ನಳಿಕೆ ತಂದೆ. ಅದನ್ನು ಜೋಕಾಲಿಯ ಹಗ್ಗದಂತೆ ಬಾಗಿಸಿ ಹಲಗೆಯೊಂದಕ್ಕೆ ಕಟ್ಟಿ, ಅರ್ಧಕ್ಕೆ ನೀರು ತುಂಬಿ, ಕಾಣಲೆಂದು ನೀಲಿ ಶಾಯಿ ಬೆರೆಸಿದೆ. ಒಂದು ತುದಿ ಹಾಸಿಗೆಯ ಬಾಯಿಗೆ, ಇನ್ನೊಂದು ತುದಿ ಬಯಲಿಗೆ. ಹಾಸಿಗೆಯ ಗಾಳಿ ಒತ್ತಿದಷ್ಟೂ ಈ ಕಡೆಯ ನೀರು ಇಳಿಯುತ್ತದೆ, ಆ ಕಡೆಯ ನೀರು ಏರುತ್ತದೆ. ಎರಡರ ನಡುವಿನ ಅಂತರವೇ ಒತ್ತಡ. ಅಡಿಪಟ್ಟಿ ಇಟ್ಟು ಓದಿಕೊಂಡರಾಯಿತು. ಬಯಲ ತುದಿಯಲ್ಲಿ ಇರುವೆ ನುಗ್ಗದಿರಲೆಂದು, ಒಡೆದ ಬಲೂನಿನ ಕತ್ತನ್ನು ಕತ್ತರಿಸಿ ಸಡಿಲವಾಗಿ ಸಿಕ್ಕಿಸಿದೆ. ಮುಂದೆ ನಡೆದುದಕ್ಕೆಲ್ಲ ಆ ಕತ್ತೇ ಮೂಲ. ಇರುವೆ ಮಾತ್ರ ಒಂದೂ ನುಗ್ಗಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಮಾರನೆಯ ದಿನ ಬೆಳಗಿನಿಂದಲೇ ಪಂಪಿನ ಸದ್ದು ಮನೆಯೊಳಗೆ ಕೂಡದು ಎಂದು ಕಟ್ಟಪ್ಪಣೆಯಾದ್ದರಿಂದ, ಗಾಳಿ ತುಂಬುವ ಕಾರ್ಯ ಮಾಳಿಗೆಯ ಮೇಲೆ, ರಣಬಿಸಿಲಿನಲ್ಲಿ ನಡೆಯಿತು. ನೀರು ಅಡಿಪಟ್ಟಿಯ ಮೇಲೆ ನಾನು ಹೇಳಿದ ಗೆರೆಗೆ ಬಂದು ನಿಂತಿತು. ಉಬ್ಬಿದ ಹಾಸಿಗೆಯನ್ನು ಹೊತ್ತು ಮೆಟ್ಟಿಲಿಳಿದೆ. ನಡುವಿನ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಕೆಳಗಿನ ಮನೆಯ ಟೈಲರ್ ತಾತ ಮೇಲೆ ಹತ್ತುತ್ತಿದ್ದವರು, ಎದುರಿಗೆ ಗೋಡೆಯೊಂದು ನಡೆದುಬರುತ್ತಿದೆಯೆಂದು ಕನ್ನಡಕ ಒರೆಸಿಕೊಂಡು ಮರಳಿ ಕೆಳಗೆ ಹೋದರು. ನಾನು ಮೇಲಿನಿಂದ ತಳ್ಳಿ, ಅವಳು ಕೆಳಗಿನಿಂದ ಎಳೆದು, ಕಡೆಗೆ ನಾವು ಮೂವರೂ (ಹಾಸಿಗೆಯನ್ನು ಸೇರಿಸಿ) ನಡುಮನೆಗೆ ಬಂದು ಬಿದ್ದೆವು.

ಒಳಕೋಣೆಯಲ್ಲಿ ಬೀಗರಿಗೆಂದು ಆಗಲೇ ಏಸಿ ಹಾಕಿಟ್ಟಿದ್ದಳು. ಹಾಸಿಗೆ ಹಾಸಿ, ಮೇಲೊಂದು ಬಿಳಿ ಹೊದಿಕೆ ಎಳೆದು, ಚಹಾ ಕುಡಿದು ಬಂದು ನೋಡುತ್ತೇವೆ, ಹಾಸಿಗೆ ಮುಖ ಸಣ್ಣದು ಮಾಡಿಕೊಂಡು ಕುಗ್ಗಿ ಕೂತಿದೆ. ನಡುವೆ ಒಂದು ಕಣಿವೆ.

"ಬೀಗರು ಬರೋ ಮೊದಲೇ ಇದಕ್ಕೆ ಬೆನ್ನುನೋವು," ಎಂದಳು.

ಗಾಳಿ ಎಲ್ಲೂ ಹೋಗಿಲ್ಲ ಕಣೇ, ಬಿಸಿಲಲ್ಲಿ ತುಂಬಿದ್ದು ತಂಪಿಗೆ ಬಂದು ಮುದುಡಿಕೊಂಡಿದೆ; ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ, ಅದರ ಗುಣವೇ ಹಾಗೆ ಎಂದು ವಿವರಿಸಿದೆ.

"ಹಾಗಾದ್ರೆ ನೀವೂ ಸ್ವಲ್ಪ ಹೊತ್ತು ಏಸಿ ಕೆಳಗೆ ಕೂತ್ಕೊಳ್ಳಿ. ತಲೇಲಿರೋದು ಇಳೀಬಹುದು."

ಪಂಪಿನ ಸದ್ದಿಗೆ ವಿಶೇಷ ಅನುಮತಿ ಪಡೆದು ಅಲ್ಲೇ, ಆ ತಂಪಿನಲ್ಲೇ, ಮತ್ತೆ ಗಾಳಿ ತುಂಬಿದೆ. ಬೀಗರು ಮಲಗಿದಾಗ ನೀರು ಎಲ್ಲಿಗೆ ಏರುತ್ತದೆಂದು ಲೆಕ್ಕ ಹಾಕಿ ಹಲಗೆಯ ಮೇಲೊಂದು ಹಸಿರು ಗೆರೆ ಎಳೆದೆ. ಹಲಗೆಯನ್ನು ಕಿಟಕಿಯ ಪರದೆಯ ಹಿಂದೆ ನಿಲ್ಲಿಸಿದೆ. ಬೀಗರು ನಿದ್ದೆ ಹೋದ ಮೇಲೆ ಒತ್ತಡ ಕಾಯಲು ಯಾರಿಗೂ ತಿಳಿಯದಂತೆ ಇಣುಕಿ ನೋಡುವುದು ನನ್ನ ಉಪಾಯ. ಬುದ್ಧಿವಂತ ಅತಿಥಿಯ ಬೆನ್ನನ್ನು ಕಾಯುತ್ತಾನೆ. ಅತಿಬುದ್ಧಿವಂತ ಅದನ್ನು ಅಳೆಯುತ್ತಾನೆ.

ಬೀಗರ ಕಾರು ಬಂತು. ಬೀಗರು ಇಳಿದರು, ಕಾರು ನಿಟ್ಟುಸಿರು ಬಿಟ್ಟಿತು. ಪುಟ್ಟಿ ದಾರಿಯುದ್ದಕ್ಕೂ ಅತ್ತಿದ್ದಳಂತೆ. ಇಲ್ಲೂ ಅಳು ನಿಲ್ಲಿಸಲಿಲ್ಲ. ನನ್ನಾಕೆ ಎರಡೂ ಕೈ ಚಾಚಿ ಎತ್ತಿಕೊಂಡಳು. ಮಗು ಅವಳ ಮುಖವನ್ನು ಒಂದು ಗಳಿಗೆ ನೋಡಿ ಇನ್ನೂ ಜೋರಾಗಿ ಅತ್ತಿತು. ಹಾಡಿದಳು, ತೂಗಿದಳು, ಕಾಗೆ ತೋರಿಸಿದಳು. ಕಡೆಗೆ ಮಗಳು, "ಗುರುತಿಲ್ಲವಲ್ಲಮ್ಮ, ಎರಡು ದಿನ ಹೋಗ್ಲಿ" ಎಂದು ತೆಗೆದುಕೊಂಡಳು. ಎರಡು ದಿನ ಹೋದರೆ ಉಳಿಯುವುದು ಒಂದು ತಿಂಗಳೋ, ಏನೂ ಇಲ್ಲವೋ ಎಂದು ನನ್ನಾಕೆಯ ಕಣ್ಣು ಬೀಗರ ಬೆನ್ನಿನ ಕಡೆಗೆ ತಿರುಗಿತು. ಬೀಗರು ಆಗಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ನನಗೆ ಆ ಗಳಿಗೆಯಲ್ಲಿ ಹತ್ತಿ ಹಾಸಿಗೆಯವನು ಊಟಕ್ಕೆ ಹೋಗದಿದ್ದರೆ ಚೆನ್ನಿತ್ತು ಎನಿಸಿದ್ದು ನಿಜ.

ಊಟವಾಯಿತು. ಬೀಗರು ಒಂದು ಗಳಿಗೆ ಅಡ್ಡಾಗುತ್ತೇನೆಂದರು. ಇಡೀ ಪರಿವಾರ ಮೆರವಣಿಗೆಯಂತೆ ಒಳಕೋಣೆಗೆ ಹೋಯಿತು. ಬೀಗಿತ್ತಿ ಹಾಸಿಗೆಯನ್ನು ತಪಾಸಣೆ ಮಾಡುವವರಂತೆ ಒಂದು ಸುತ್ತು ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಪರದೆಗೆ ಬೆನ್ನು ಕೊಟ್ಟು ಕೂತರು. ಬೆಳ್ಳಗಿನ ತುರುಬು ಬೆಳ್ಳಿಯ ಲೋಟದಂತೆ ಹೊಳೆಯುತ್ತಿತ್ತು. ನಾನು ಪಕ್ಕದಲ್ಲಿ, ಕಿಟಕಿಯಾಚೆ ಏನೋ ಅದ್ಭುತ ಕಂಡವನಂತೆ ನಿಂತೆ. ಬಾಗಿಲಲ್ಲಿ ಮಗಳು, ಅಳುವ ಮಗು, ಉಸಿರು ಹಿಡಿದ ನನ್ನಾಕೆ.

ಇಲ್ಲಿ ನನ್ನ ಲೆಕ್ಕದ ಒಂದು ಸೂಕ್ಷ್ಮ ಹೇಳಬೇಕು. ಬೀಗರು ಮಲಗಿದರೆ ಅವರ ಭಾರ ತಲೆಯಿಂದ ಹಿಮ್ಮಡಿಯವರೆಗೆ ಹರಡುತ್ತದೆ. ಅದಕ್ಕೆ ಸರಿಯಾಗಿ ಗೆರೆ ಎಳೆದಿದ್ದೆ. ಲೆಕ್ಕ ಸೊಗಸಾಗಿತ್ತು. ಆದರೆ ಮನುಷ್ಯನಾದವನು ಮಲಗುವ ಮೊದಲು ಕೂರುತ್ತಾನೆ. ಹುಟ್ಟಿದ ದಿನದಿಂದ ದಿನಾ ಮಾಡುತ್ತ ಬಂದ ಈ ಕೆಲಸ ಲೆಕ್ಕ ಹಾಕುವಾಗ ನನಗೆ ಹೊಳೆದೇ ಇರಲಿಲ್ಲ.

ಬೀಗರು ಕೂತರು.

ಅಷ್ಟೂ ಭಾರ, ಅಷ್ಟೇ ಅಷ್ಟು ಜಾಗದ ಮೇಲೆ. ಪರದೆಯ ಹಿಂದೆ ನೀಲಿ ನೀರು ಹಸಿರು ಗೆರೆಯನ್ನು ಕಣ್ಣೆತ್ತಿಯೂ ನೋಡದೆ ದಾಟಿ, ನಳಿಕೆಯ ತುದಿಗೇರಿ, ಬಲೂನಿನ ಕತ್ತಿನಿಂದ ಚಿಮ್ಮಿ, ಪರದೆಯ ಸಂದಿಯಿಂದ ಹೊರಬಂದು ಬೀಗಿತ್ತಿಯ ತುರುಬಿನ ಮೇಲೆ ಅಭಿಷೇಕವಾಯಿತು. ಅವರಿಗೆ ಅದು ತಿಳಿಯುವಷ್ಟರಲ್ಲಿ ನೀರು ಮುಗಿದಿತ್ತು. ನೀರು ಮುಗಿದ ಮೇಲೆ ಗಾಳಿಗೆ ದಾರಿ ತೆರೆಯಿತು. ಒದ್ದೆಯಾದ ಬಲೂನಿನ ಕತ್ತು ತುಟಿಯಂತೆ ಅದುರತೊಡಗಿತು.

ಪುರ್‌ರ್‌ರ್‌ರ್‌ರ್...

ಬೀಗಿತ್ತಿ ನಿಧಾನವಾಗಿ ಗಂಡನ ಕಡೆ ತಿರುಗಿ, ಒಂದು ಇಡೀ ಶಾಲೆಯನ್ನು ಬೆಂಚಿನ ಮೇಲೆ ನಿಲ್ಲಿಸಬಲ್ಲ ನೋಟದಿಂದ ನೋಡಿದರು. ಬೀಗರ ಮುಖ ಕೆಂಪಾಯಿತು. "ನಾನಲ್ಲ," ಎಂದರು, ಕಟಕಟೆಯಲ್ಲಿ ನಿಂತವರ ದನಿಯಲ್ಲಿ.

ಸಾಕ್ಷ್ಯ ಪೂರ್ತಿ ಅವರಿಗೆ ವಿರುದ್ಧವಾಗಿತ್ತು. ಅವರು ಕೂತದ್ದು, ಸದ್ದು ಬಂದದ್ದು ಏಕಕಾಲಕ್ಕೆ. ಬೀಗರ ಮಾನ ಹೋದರೆ ಬೀಗರು ನಿಲ್ಲುವುದಿಲ್ಲ. ಬೀಗರು ಹೊರಟರೆ ಪುಟ್ಟಿ ಹೊರಟಳು. ನಳಿಕೆಯ ವಿಷಯ ಬಾಯಿಬಿಟ್ಟರೆ ನನ್ನ ಬೆನ್ನು ಹೊರಟಿತು. ನಾನು ತ್ಯಾಗಮೂರ್ತಿಯಾದೆ.

"ಕ್ಷಮಿಸಬೇಕು. ನಾನೇ," ಎಂದೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹಾಸಿಗೆಯಲ್ಲಿ ಇನ್ನೂ ಕಾಲು ಕಿಲೋ ಗಾಳಿ ಬಾಕಿಯಿತ್ತು. ನಾನು ತಪ್ಪೊಪ್ಪಿಕೊಂಡು ತಲೆ ತಗ್ಗಿಸಿ ನಿಂತಿದ್ದೇನೆ, ಸದ್ದು ನಿಲ್ಲುತ್ತಿಲ್ಲ. ಒಮ್ಮೆ ಮಂದ್ರಕ್ಕಿಳಿಯುತ್ತದೆ, ಬೀಗರು ಕೊಂಚ ಅಲುಗಿದರೆ ತಾರಕಕ್ಕೇರುತ್ತದೆ. ಯಾವ ನರಮನುಷ್ಯನ ಒಡಲಿಗೂ ಸಾಧ್ಯವಿಲ್ಲದ ಆಲಾಪ. ಬೀಗಿತ್ತಿ ನನ್ನನ್ನು ನೋಡುತ್ತಿದ್ದ ರೀತಿ ಬೆರಗಿನ ಕಡೆಗೆ ತಿರುಗುತ್ತಿತ್ತು. "ಡಾಕ್ಟರಿಗೆ ತೋರಿಸಿದ್ದೀರಾ?" ಎಂದರು ಕಡೆಗೆ.

ನನ್ನಾಕೆ ಬಂದು ಪರದೆ ಸರಿಸಿದಳು. ಹಲಗೆ, ನಳಿಕೆ, ಹಸಿರು ಗೆರೆ, ಅದುರುತ್ತಿದ್ದ ಬಲೂನಿನ ಕತ್ತು, ಎಲ್ಲವೂ ಬಯಲಾದವು. ಅವಳು ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಸೊನ್ನೆ. ಆಕಾಶದಷ್ಟೂ ಗಾಳಿ ನನ್ನ ನೆತ್ತಿಯ ಮೇಲೆ ಕೂತಿತು.

ಆಗ ಬಾಗಿಲ ಕಡೆಯಿಂದ ಹೊಸ ಸದ್ದೊಂದು ಬಂತು. ಪುಟ್ಟಿ. ಅಳು ನಿಂತಿತ್ತು. ಮಗು ಬಲೂನಿನ ಕತ್ತನ್ನೇ ನೋಡುತ್ತ, ಬೊಚ್ಚುಬಾಯಿ ಅಗಲಿಸಿ, ಇಡೀ ಮೈ ಕುಲುಕಿಸಿ ನಗುತ್ತಿತ್ತು. ಹೀಗೆ ಗಟ್ಟಿಯಾಗಿ ಇದುವರೆಗೆ ನಕ್ಕೇ ಇರಲಿಲ್ಲ ಎಂದು ಮಗಳು ಉಸಿರೆಳೆದುಕೊಂಡು ಹೇಳಿದಳು. ನನ್ನಾಕೆ ಎತ್ತಿಕೊಂಡಳು. ಮಗು ಅವಳ ತೋಳಿನಲ್ಲೇ ನಗುತ್ತ ಉಳಿಯಿತು.

ಈ ಸಂಭ್ರಮದಲ್ಲಿ ಬೀಗರನ್ನು ಎಲ್ಲರೂ ಮರೆತಿದ್ದೆವು. ಹಾಸಿಗೆ ಪೂರ್ತಿ ಚಪ್ಪಟೆಯಾಗಿ ಅವರು ನೆಲ ಮುಟ್ಟಿದ್ದರು. ಎಬ್ಬಿಸಲು ಕೈ ಕೊಟ್ಟೆ. ಅವರು ಕೈ ಹಿಡಿಯದೆ ಹಾಗೇ ನೆಲಕ್ಕೆ ಬೆನ್ನು ಚೆಲ್ಲಿ, "ಬೇಡ ಬೀಗರೇ, ಇದ್ದ ಹಾಗೇ ಇರ್ಲಿ" ಎಂದು ಕಣ್ಣು ಮುಚ್ಚಿದರು. ಮಾತು ಹಗುರವಾದರೂ ಗೊರಕೆ ಭಾರವಾಗಿತ್ತು.

ಸಂಜೆಯ ಚಹಾದ ಹೊತ್ತಿಗೆ ಯಾರ ಕೈಯನ್ನೂ ಹಿಡಿಯದೆ ಎದ್ದು ಬಂದರು. ಬಗ್ಗಿ ಮೊಣಕಾಲು ಮುಟ್ಟಿದರು. "ಬೆನ್ನು ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ," ಎಂದರು. ಬೀಗಿತ್ತಿ, ನೀಲಿ ತುರುಬನ್ನು ಸವರಿಕೊಳ್ಳುತ್ತ, ಗಟ್ಟಿ ನೆಲದ ಮೇಲೆ ಮಲಗಿ ಎಂದು ಡಾಕ್ಟರು ಯಾವಾಗಿನಿಂದಲೋ ಬಡಿದುಕೊಳ್ಳುತ್ತಿದ್ದಾರೆ, ಇವರಿಗೆ ನೆಲಕ್ಕಿಳಿಯಲು ಅಭಿಮಾನ, ಇವತ್ತು ತಾನಾಗಿ ಇಳಿದರು ಎಂದರು. ನಾನು ಗಂಟಲು ಸರಿಪಡಿಸಿಕೊಂಡು, ನನ್ನ ಯೋಜನೆಯ ತಿರುಳೂ ಅದೇ ಆಗಿತ್ತೆಂದು ಹೇಳಲು ಬಾಯಿ ತೆರೆದೆ. ನನ್ನಾಕೆಯ ಕಣ್ಣು ಬಿತ್ತು. ಚಹಾ ಕುಡಿಯಲೆಂದೇ ಬಾಯಿ ತೆರೆದವನಂತೆ ಕುಡಿದೆ.

ಪುಟ್ಟಿ ಒಂದು ತಿಂಗಳು ಉಳಿಯುವುದು ಖಚಿತವಾಯಿತು. ಅದರ ಜೊತೆಗೆ ಇನ್ನೊಂದೂ ಖಚಿತವಾಯಿತು. ಇಂಥ ನೆಲ ತಮ್ಮ ಮನೆಯಲ್ಲಿಲ್ಲವೆಂದು ಬೀಗರೂ ಒಂದು ತಿಂಗಳು ಉಳಿಯುವುದಾಗಿ ಹೇಳಿದರು. ಒಳಕೋಣೆಯ ನೆಲ ಅವರಿಗೆ. ನಮ್ಮ ಮಂಚ ನನ್ನಾಕೆ, ಮಗಳು, ಮೊಮ್ಮಗಳಿಗೆ. ಬೀಗಿತ್ತಿಗೆ ಅದೇ ಅಂಗಡಿಯಿಂದ ಗಟ್ಟಿ ಹತ್ತಿ ಹಾಸಿಗೆ ಬಂತು. ಈ ಸಲ ನನ್ನಾಕೆಯೇ ಹೋಗಿ, ಊಟಕ್ಕೆ ಹೋದವನನ್ನು ಕಾದು ಕೂತು ತಂದಳು. ಕಣಿವೆಯ ಹಾಸಿಗೆ ಗುಜರಿಗೆ ಹೋಯಿತು. ಮಿಕ್ಕದ್ದು ಗಾಳಿ ಹಾಸಿಗೆ, ಮಿಕ್ಕವನು ನಾನು. ನಡುಮನೆಯಲ್ಲಿ, ಹಿತ್ತಾಳೆ ಮಾಪಕದ ಕೆಳಗೆ, ಸ್ಟೆಪ್ನಿಯ ಹಾಗೆ ಬಿದ್ದುಕೊಂಡೆ.

ಮಲಗಿದರೂ ಸುಖವಿಲ್ಲ. ಪುಟ್ಟಿಗೆ ಆ ಸದ್ದು ಕೇಳದೆ ಊಟ ಇಳಿಯದು, ಸ್ನಾನ ಹಿಡಿಸದು. ಅಡುಗೆಮನೆಯಿಂದ, "ರೀ, ಮಗು ಅಳ್ತಿದೆ, ಗಾಳಿ ತನ್ನಿ" ಎಂದು ಕೂಗು ಬರುತ್ತದೆ. ಬಾಯ್ಲರುಗಳನ್ನು ಅಂಕೆಯಲ್ಲಿಟ್ಟ ಕೈಗಳು ಪಂಪು ಒತ್ತಿ ಹಾಸಿಗೆ ತುಂಬುತ್ತವೆ, ನಳಿಕೆ ಸಿಕ್ಕಿಸುತ್ತವೆ, ಬಲೂನಿನ ಕತ್ತನ್ನು ಒದ್ದೆ ಮಾಡುತ್ತವೆ. ಆಮೇಲೆ ನಾನು ಅದರ ಮೇಲೆ ಕೂರುತ್ತೇನೆ. ಟೈಲರ್ ತಾತ ಈಗ ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಮುಂದೆ ಹೆಜ್ಜೆ ಚುರುಕು ಮಾಡುತ್ತಾರೆ.

ಮೊನ್ನೆ ಮಧ್ಯಾಹ್ನ ಬೀಗರು ನಡುಮನೆಗೆ ಬಂದು, ಗೋಡೆಯ ಮಾಪಕ ನೋಡಿ, "ಇದೇನು ಬೀಗರೇ, ನೀವು ಮಾಡ್ತಿದ್ದ ಕೆಲಸದ್ದಾ?" ಎಂದು ಗೌರವದಿಂದ ಕೇಳಿದರು. ಅಷ್ಟು ಗೌರವದಿಂದ ಈ ಮನೆಯಲ್ಲಿ 'ಊಟ ಆಯ್ತಾ' ಎಂದೂ ನನ್ನನ್ನು ಯಾರೂ ಕೇಳಿಲ್ಲ. ಪುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ನನ್ನಾಕೆಯೂ ಬಾಗಿಲಲ್ಲಿ ನಿಂತಳು. ಹುಮ್ಮಸ್ಸು ಬಂತು. ಗಾಳಿಯ ನಾಲ್ಕು ಮನೆಗಳ ಜಾತಕ ಬಿಚ್ಚಿದೆ. ಎದ್ದು ನಿಲ್ಲುತ್ತಿದ್ದ ಮುಳ್ಳುಗಳ ಕಥೆ ಹೇಳಿದೆ, ಬೀಗರ ಮೇಲಿನ ಪ್ರೀತಿಗಾಗಿ ಪೂರ್ತಿ ಎಬ್ಬಿಸಿ ನಿಲ್ಲಿಸಿದೆ.

"ಒಟ್ಟಿನಲ್ಲಿ ಬೀಗರೇ," ಎಂದೆ, "ಗಾಳಿ ನನ್ನೆದುರು ಯಾವತ್ತೂ ಬಾಯಿ ಬಿಟ್ಟದ್ದಿಲ್ಲ."

ಎಂದು ಹೇಳಿ, ಮಾತು ಮುಗಿದ ತೃಪ್ತಿಯಲ್ಲಿ, ಹಾಸಿಗೆಯ ಅಂಚಿನ ಮೇಲೆ ಕೂತೆ.

ಪುರ್‌ರ್‌ರ್‌ರ್‌ರ್...